ಮಂಜಿನ ಸೇನಾಪತಿ

ನಗಬೇಡಿ ಭಾವ! ನಗೋ ವಿಷಯ ಅಲ್ಲ ಇದು. ಕುಂಚದ ಯಾವ ತುದೀಲಿ ಕೂದಲಿರುತ್ತೆ ಅಂತ ಗೊತ್ತಿಲ್ಲ ಆ ಹಲ್ಲಿನ ಡಾಕ್ಟ್ರಿಗೆ, ಅವನು ನಮ್ಮ ಯುದ್ಧದಾಟದ ಸಂಘಕ್ಕೆ ಅಧ್ಯಕ್ಷ! ಸೀಸದ ಸಿಪಾಯಿಗಳಿಗೆ ಯಾರ ಕೈಯಲ್ಲೋ ಬಣ್ಣ ಹಚ್ಚಿಸ್ಕೊಂಡು ಬರ್ತಾನೆ, ಮೇಜಿನ ಮೇಲೆ ಸಾಲಾಗಿ ನಿಲ್ಲಿಸ್ತಾನೆ, ಆಮೇಲೆ ಹಿಂದೆ ಸರಿದು ಕೈಕಟ್ಟಿ ನಿಂತು 'ಹೇಗಿದೆ ನನ್ನ ದಂಡು?' ಅಂತಾನೆ. ನಿನ್ನ ದಂಡಾ? ಪಕ್ಕದ ಮನೆ ಮಗೂನ ಎತ್ಕೊಂಡು 'ಥೇಟ್ ನನ್ನ ಮೂಗೇ' ಅಂದ ಹಾಗೆ! ...ನೋಡಿ, ಮತ್ತೆ ನಗ್ತೀರಿ. ಆಪರೇಷನ್ ಆದವರು ಹಾಗೆಲ್ಲ ನಗಬಾರದು, ಕಣ್ಣಿಗೆ ಒತ್ತಡ ಬೀಳುತ್ತೆ. ಮೂವತ್ತು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟವನು ಹೇಳ್ತಿದ್ದೀನಿ, ಕೇಳಿ.

ಎಲ್ಲಿಗೆ ಎದ್ರಿ? ಕೂತ್ಕೊಳ್ಳಿ. ನಿಮ್ಮ ದಂಡಿನ ಪೆಟ್ಟಿಗೆ ತಾನೇ? ಆಸ್ಪತ್ರೆಗೆ ಹೋಗೋವಾಗ ನನ್ನ ಹತ್ರ ಬಿಟ್ಟುಹೋದ್ರಲ್ಲ, ಅಲ್ಲೇ ಇದೆ, ಬೀರು ಮೇಲೆ. ಎಲ್ಲಿಗೆ ಓಡಿಹೋಗುತ್ತೆ ಅದು, ಕಾಲೆಲ್ಲ ಸೀಸ! ಟೀ ಕುಡೀರಿ ಮೊದಲು. ನಿನ್ನೆ ಬ್ಯಾಂಡೇಜು ಬಿಚ್ಚಿದ್ದಾರೆ, ಇವತ್ತು ಸೀದಾ ನನ್ನ ಅಂಗಡಿ ಹಿಂದಿನ ಕೋಣೆಗೆ ಬಂದು ಕೂತಿದ್ದೀರಿ. ಅಕ್ಕ ನಿಮ್ಮನ್ನ ಬಾಗಿಲಲ್ಲಿ ಬಿಟ್ಟು ಹೋಗ್ತಾ ಏನಂದ್ಲು ಕೇಳಿಸ್ತಾ? 'ಕಟ್ಕೊಂಡವಳ ಮುಖ ಇನ್ನೂ ಸರಿಯಾಗಿ ನೋಡಿಲ್ಲ ಕಣೋ, ಗೊಂಬೆ ನೋಡೋ ಆತುರ ನೋಡು ನಿಮ್ಮ ಭಾವನಿಗೆ!' ಅವಳಿಗೆ ಎಲ್ಲಾ ಗೊಂಬೆಗಳೇ. ನಾವಿಬ್ಬರೂ ಪ್ರತಿ ಭಾನುವಾರ ಇದೇ ಹಸಿರು ಬಟ್ಟೆ ಹಾಸಿ, ಥರ್ಮಾಕೋಲಿನ ಗುಡ್ಡ ಇಟ್ಟು, ಇನ್ನೂರು ವರ್ಷದ ಹಿಂದಿನ ಯುದ್ಧ ಮಾಡಿದ್ರೆ, ಅವಳ ಬಾಯಲ್ಲಿ 'ಇಬ್ಬರಿಗೂ ತಲೆ ನರೆತಿದೆ, ಗೊಂಬೆಯಾಟ ಮುಗಿದಿಲ್ಲ.' ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಸಿಪಾಯಿಯ ಕಾಲರಿಗೆ ಪಟ್ಟಿ ಎಳೆಯೋದು ಅಂದ್ರೆ ಏನು ಅಂತ ಅವಳಿಗೇನು ಗೊತ್ತು? ಉಸಿರು ಹಿಡಿದು ಎಳೀಬೇಕು!

ಅಯ್ಯೋ, ಆ ಕಪ್ಪು ಕನ್ನಡಕ ಯಾಕೆ ತೆಗೀತೀರಿ? ಹಾಕ್ಕೊಳ್ಳಿ, ಹಾಕ್ಕೊಳ್ಳಿ. ಕನ್ನಡಕ ಮಾರೋನ ಮನೆಗೆ ಬಂದು ಕನ್ನಡಕ ತೆಗೆದ್ರೆ ನನ್ನ ಮರ್ಯಾದೆ ಏನಾಗ್ಬೇಕು! ಹೊಸ ಕಣ್ಣು ಅಂದ್ರೆ ಹಸುಗೂಸಿದ್ದ ಹಾಗೆ ಭಾವ, ಬೆಳಕು ಒಟ್ಟಿಗೆ ನುಗ್ಗಬಾರದು. ಅದಕ್ಕೇ ಟ್ಯೂಬ್‌ಲೈಟೂ ಹಾಕಿಲ್ಲ ನಾನು. ...ಅಂದ್ರೆ, ಹಾಕಿದ್ರೂ ಹತ್ತಲ್ಲ, ಚೋಕ್ ಹೋಗಿದೆ. ನಾಳೆ ಸರಿಮಾಡಿಸ್ತೀನಿ. ಕಿಟಕಿ ಬೆಳಕು ಸಾಕು ನಮಗೆ.

ಏನು ಹೇಳ್ತಿದ್ದೆ? ಹಾಂ, ಸಂಘ. ನೀವು ಆಸ್ಪತ್ರೆ ಸೇರಿದ ಮೇಲೆ ಈ ಭಾನುವಾರ ಒಬ್ಬನೇ ಹೋದೆ. ಹೋಗಬಾರದಿತ್ತು. ಗುಂಡಿ ಮೇಷ್ಟ್ರು ಇದ್ದಾರಲ್ಲ, ಇತಿಹಾಸದ ಮೇಷ್ಟ್ರು... ನನ್ನ ಕುದುರೆ ಪಡೆ ಗುಡ್ಡ ಇಳೀತಿದೆ, ಫಿರಂಗಿ ಸಾಲು ಬಾಯಿ ಬಿಟ್ಕೊಂಡು ನಿಂತಿದೆ, ಇನ್ನೊಂದು ದಾಳ ಬಿದ್ರೆ ಯುದ್ಧ ಮುಗೀತು... ಆಗ ಈ ಮನುಷ್ಯ 'ಒಂದ್ನಿಮಿಷ' ಅಂತ ಭೂತಗನ್ನಡಿ ತೆಗೆದು ನನ್ನ ಸವಾರನ ಎದೆ ಮೇಲೆ ಹಿಡಿದ್ರು. 'ಆ ವರ್ಷ ಈ ಪಡೆಗೆ ಏಳೇ ಗುಂಡಿ. ನೀವು ಎಂಟು ಹಾಕಿದ್ದೀರಿ.' ನಾನಂದೆ, ಮೇಷ್ಟ್ರೇ, ಆ ಎಂಟನೇ ಗುಂಡೀನ ನಾನು ನಿಮ್ಮ ಬಾಯಿಗೆ ಹೊಲೀಲಿಕ್ಕೆ ಇಟ್ಕೊಂಡಿದ್ದೀನಿ! ...ತಪ್ಪೇನು ಹೇಳಿ? ಅವರು ಬಣ್ಣ ಹಚ್ಚಿದ ಒಂದೇ ಒಂದು ಸಿಪಾಯಿ ತೋರಿಸ್ಲಿ ನೋಡೋಣ. ಕಣ್ಣು ಬರೆಯೋಕೆ ಹೋಗಿ ಇಡೀ ಪಡೆಗೆ ಮೆಳ್ಳೆಗಣ್ಣು ಬರೆದಿದ್ದಾರೆ. ಯಾವ ಕಡೆ ಗುಂಡು ಹಾರಿಸ್ಬೇಕು ಅಂತ ಅವಕ್ಕೇ ಗೊತ್ತಿಲ್ಲ ಪಾಪ. ಅಂಥವರ ಜೊತೆ ಕೂತು ಟೀ ಕುಡೀಬೇಕು ನಾನು. ಕರ್ಮ!

ಆ ಬ್ಯಾಂಕಿನವನೇ ವಾಸಿ, ಮರ್ಯಾದೆಯಾಗಿ ಸಂಘ ಬಿಟ್ಟುಹೋದ. ನೆನಪಿದೆಯಾ ಭಾವ, 'ಮಂಜಿನ ಸೇನಾಪತಿ'? ಹ್ಹಹ್ಹ! ಹೆಸರು ಇಟ್ಟವನು ನಾನೇ. ವರ್ಷಗಟ್ಟಲೆ ಕೂತು ಬಣ್ಣ ಹಚ್ಚಿದ್ದಾನೆ, ಹಚ್ಚಿದ್ದಾನೆ... ಕೊನೆಗೆ ಬಣ್ಣ ಉದುರದೆ ಇರಲಿ ಅಂತ ಮೇಲೆ ವಾರ್ನಿಷ್ ಹೊಡೆಯೋಕೆ ಹೋದ. ಯಾವತ್ತು? ಗೋಡೆ ಬೆವರ್ತಾ ಇರೋ ದಿನ! ಒಗೆದ ಬಟ್ಟೆ ಒಣಗಲ್ಲ, ಉಪ್ಪಿನ ಡಬ್ಬೀಲಿ ನೀರು ನಿಂತಿದೆ, ಇವನು ಸ್ಪ್ರೇ ಡಬ್ಬಿ ಅಲ್ಲಾಡಿಸ್ಕೊಂಡು ನಿಂತ. ತೇವದ ಗಾಳೀಲಿ ಸ್ಪ್ರೇ ಹೊಡೆದ್ರೆ ವಾರ್ನಿಷ್ ಬೆಳ್ಳಗಾಗಿಬಿಡುತ್ತೆ ಅನ್ನೋದು ನಮ್ಮಲ್ಲಿ ಮೊದಲ ದಿನ ಕಲಿಯೋ ಪಾಠ. ಕೂತು ಹತ್ತು ಎಣಿಸೋದರೊಳಗೆ ಬೂಷ್ಟು ಹಿಡಿದ ಹಾಗೆ ಬಿಳುಚಿಕೊಳ್ಳುತ್ತೆ! ಆ ಭಾನುವಾರ ಅವನು ಪೆಟ್ಟಿಗೆ ಬಿಚ್ಚಿದಾಗ... ಅಬ್ಬಾ, ಇಡೀ ದಂಡು ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗಿತ್ತು. ನಾನು ಎದ್ದು ನಿಂತು ಸಲಾಮು ಹೊಡೆದೆ. 'ಬನ್ನಿ ಮಂಜಿನ ಸೇನಾಪತಿಗಳೇ! ನಿಮ್ಮ ಸೈನ್ಯ ಎಲ್ಲಿ, ಕಾಣ್ತಾನೇ ಇಲ್ಲ!' ಎಲ್ಲರೂ ಬಿದ್ದು ಬಿದ್ದು ನಕ್ಕರು.

ನೀವೊಬ್ಬರೇ ನಗಲಿಲ್ಲ. ಗೊತ್ತು ನನಗೆ. ನೀವು ಯಾವತ್ತು ನಗಬೇಕೋ ಆವತ್ತು ನಗೋದಿಲ್ಲ. ಮಾರನೇ ದಿನ ಹತ್ತಿ, ಎಣ್ಣೆ ಶೀಷೆ ಎತ್ಕೊಂಡು ಅವನ ಮನೆಗೆ ಹೋದ್ರಂತೆ. ಎಣ್ಣೆ ಸವರಿ ಒರೆಸಿದ್ರೆ ಸ್ವಲ್ಪ ಬಣ್ಣ ತಿರುಗಿ ಬರುತ್ತೆ ಅಂತ. ಬಂತಾ? ಸ್ವಲ್ಪ ಬಂತು, ಪೂರ್ತಿ ಬರುತ್ತಾ! ಅವನಂತೂ ಮತ್ತೆ ಸಂಘದ ಮೆಟ್ಟಿಲು ಹತ್ತಲಿಲ್ಲ. ನಿಮ್ಮ ಎಣ್ಣೆ ದಂಡ. ದಡ್ಡನಿಗೆ ಮಾಡಿದ ಉಪಕಾರ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ ಭಾವ.

ಏನು, ಮತ್ತೆ ಬೀರು ಕಡೆ ನೋಡ್ತೀರಿ? ತೋರಿಸ್ತೀನಿ ಅಂದ್ನಲ್ಲ. ನಿಮ್ಮ ಆಸೆ ನನಗೆ ಗೊತ್ತಿಲ್ವಾ? ಮಂಜುಗಣ್ಣಲ್ಲಿ ಬಳಿದ ದಂಡನ್ನ ಹೊಸ ಕಣ್ಣಲ್ಲಿ ನೋಡ್ಬೇಕು. ಆಪರೇಷನ್ ಮೇಜಿನ ಮೇಲೆ ಮಲಗಿದ್ದಾಗಲೂ ಅದನ್ನೇ ಹೇಳಿದ್ರಂತೆ ಆ ಡಾಕ್ಟ್ರಮ್ಮನಿಗೆ. ಅಕ್ಕ ಹೇಳಿದ್ಲು. 'ನಾನು ಬಳಿದದ್ದನ್ನ ನಾನೇ ಒಂದು ಸಲವೂ ಸರಿಯಾಗಿ ನೋಡಿಲ್ಲಮ್ಮ, ಅಷ್ಟು ನೋಡೋ ಹಾಗೆ ಮಾಡಿಕೊಡಿ ಸಾಕು.' ಅಷ್ಟು ಸಾಕಾ! ಕಣ್ಣು ಕೇಳೋವಾಗಲೂ ಚಿಲ್ಲರೆ ಕೇಳ್ತೀರಲ್ಲ ನೀವು.

ನೋಡಿ ಏನು ಮಾಡ್ತೀರಿ ಅಂತೀನಿ? ನಿಮ್ಮ ನೀಲಿ ತಪ್ಪು. ಹೌದು ಭಾವ, ಮುಖದ ಮೇಲೆ ಹೇಳ್ತೀನಿ, ಬೆನ್ನ ಹಿಂದೆ ಆಡೋನಲ್ಲ ನಾನು. ಜೀವಮಾನ ಇಡೀ ಕೋಟು ಹೊಲಿದ ದರ್ಜಿ ನೀವು, ಬಟ್ಟೆ ಮುಟ್ಟಿ ಬಣ್ಣ ಹೇಳ್ತಿದ್ದವರು... ಆ ಕಾಲದ ನೀಲಿ ಕೋಟು ಅಂದ್ರೆ ಕಪ್ಪಿಗೆ ತಿರುಗಿದ ನೀಲಿ. ನೀವು ಬಳಿದದ್ದು? ನವಿಲಿನ ಕತ್ತು! ಪೊರೆ ಬಂದ ಕಣ್ಣಿಗೆ ಎಲ್ಲಾ ಹಳದಿ ಹಳದಿಯಾಗಿ ಕಾಣುತ್ತೆ, ಅದಕ್ಕೇ ನೀವು ಸಾಲಲ್ಲ ಸಾಲಲ್ಲ ಅಂತ ನೀಲಿ ಮೇಲೆ ನೀಲಿ ಹಾಕಿದ್ರಿ. ಆ ಕೋಟು ನೋಡಿಯೇ ನಾನು ಹೇಳಿದ್ದು, 'ಭಾವ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ' ಅಂತ. ಡಾಕ್ಟ್ರು ಆಮೇಲೆ ಹೇಳಿದ್ದು! ಸಿಪಾಯಿ ಕೋಟು ನೋಡಿ ಮನುಷ್ಯನ ಕಣ್ಣಿನ ರೋಗ ಹಿಡಿದವನು ಇನ್ನೊಬ್ಬ ಇದ್ದಾನಾ ಈ ಊರಲ್ಲಿ?

ಆದ್ರೆ ಯಾರಿಗೆ ಬೇಕು ಅದೆಲ್ಲ! ವರ್ಷದ ಪ್ರದರ್ಶನದಲ್ಲಿ ಆ ಹಲ್ಲಿನ ಡಾಕ್ಟ್ರು ಏನು ಮಾಡ್ದ? ನಡು ಕಪಾಟಿನಿಂದ ನನ್ನ ಕೆಂಪು ದಂಡನ್ನ ತೆಗೆದು ಪಕ್ಕಕ್ಕೆ ಸರಿಸಿ, ನಿಮ್ಮದನ್ನ ಇಟ್ಟ. ಎಷ್ಟು ವರ್ಷದಿಂದ ನನ್ನದಿತ್ತು ಆ ಜಾಗ! ಇಟ್ಟು, ಮೈಕು ಹಿಡಿದು... 'ಕಣ್ಣು ಕಾಣದವರು ಬಳಿದಿದ್ದಾರೆ ನೋಡಿ. ಕಣ್ಣಿರೋರು ಕಲೀಬೇಕು.' ಕಣ್ಣಿರೋರು! ಹಾಗಂತ ಯಾರ ಕಡೆ ನೋಡ್ದ? ನನ್ನ ಕಡೆ. ಎಲ್ಲರೂ ಚಪ್ಪಾಳೆ. ಯಾವುದಕ್ಕೆ ಚಪ್ಪಾಳೆ? ತಪ್ಪು ನೀಲಿಗೆ! ಪೊರೆಗೆ! ಮನುಷ್ಯ ತಟ್ಟಾಡ್ತಿದ್ರೆ 'ಆಹಾ, ಎಂಥಾ ಕುಣಿತ' ಅಂದ ಹಾಗೆ. ಒಬ್ಬಳು ಹೆಂಗಸು ಗಾಜಿಗೆ ಮೂಗು ಒತ್ತಿ, 'ಅಯ್ಯೋ, ಈ ನೀಲಿ ನೋಡ್ತಿದ್ರೆ ಕಣ್ಣು ತಂಪಾಗುತ್ತೆ' ಅಂದ್ಲು. ನಾನೂ ತಟ್ಟಿದೆ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದೆ. ನನಗೇನು? ನಮ್ಮ ಭಾವ, ನಮ್ಮ ಮನೆಯವರು.

ಹೊಟ್ಟೆಕಿಚ್ಚಾ? ...ನೀವು ಅನ್ನಲಿಲ್ಲ, ಸರಿ. ಮುಖ ಅಂತು. ನನಗೆ ಹೊಟ್ಟೆಕಿಚ್ಚು ಅನ್ನೋದು ಇದ್ದಿದ್ರೆ, ನಿಮಗೆ ಕಣ್ಣು ಮಂಜಾಗಿ, ಆಟದಲ್ಲಿ ಗುಂಡು ಎಷ್ಟು ದೂರ ಹೋಯ್ತು ಅಂತ ಅಳೆಯೋ ಟೇಪು ಓದೋಕೆ ಬರದೆ 'ನೀನೇ ಅಳೆದು ಹೇಳಪ್ಪ' ಅಂತಿದ್ದಾಗ, ನನ್ನ ಫಿರಂಗಿ ಗುಂಡನ್ನ ಅರ್ಧ ಅಂಗುಲ ಮುಂದೆ ಬೀಳಿಸ್ತಿರಲಿಲ್ವಾ? ಕೂದಲೆಳೆಯಷ್ಟು ಮೋಸ ಮಾಡಿಲ್ಲ ಭಾವ. ನಿಮಗೇ ಗುಂಡು ತಾಗಲ್ಲ ಅಂತ ಅಳೆದು ಹೇಳಿ, ನಾನೇ ಸೋತಿದ್ದೀನಿ. ನೀವೇನು ಮಾಡ್ತಿದ್ರಿ? ಗೆದ್ದು, ತಲೆ ತಗ್ಗಿಸ್ಕೊಂಡು, ನನ್ನ ಸತ್ತ ಸಿಪಾಯಿಗಳನ್ನ ಒಂದೊಂದಾಗಿ ಎತ್ತಿ, ಧೂಳು ಊದಿ, ಪೆಟ್ಟಿಗೇಲಿ ಮಲಗಿಸ್ತಿದ್ರಿ. ಗೆದ್ದೋನು ಮೀಸೆ ತಿರುವಬೇಕು ಸ್ವಾಮಿ! ಗೆದ್ದು ದಾದಿ ಕೆಲಸ ಮಾಡೋರನ್ನ ನಿಮ್ಮನ್ನೇ ನೋಡಿದ್ದು.

ಅದಕ್ಕೂ ಮೇಲೆ ಆ ಕನ್ನಡಕದ ಸಿಪಾಯಿ! ನಿಮ್ಮ ದಂಡಿನ ವೈದ್ಯ ಅಂತ ಒಬ್ಬನನ್ನ ಮಾಡಿ, ಮೂಗಿನ ಮೇಲೆ ಕೂದಲಿನಷ್ಟು ತಂತೀಲಿ ಕನ್ನಡಕ ಬಗ್ಗಿಸಿ ಕೂರಿಸಿ, ಎಲ್ಲರಿಗೂ ತೋರಿಸಿದ್ರಿ. 'ಇವನು ನಮ್ಮ ಮೈದುನ.' ನನ್ನ ಮೂಗು ಅಷ್ಟುದ್ದ ಇದೆಯಾ? ಹೊಟ್ಟೆ ಇದೆಯಾ ಹಾಗೆ? ಸಂಘದಲ್ಲಿ ಎಲ್ಲರೂ ಹಲ್ಲುಕಿರಿದರು. ಆ ಕಣ್ಣಲ್ಲಿ ಅದು ಹೇಗೆ ಬಗ್ಗಿಸಿದ್ರೋ ಆ ತಂತೀನ... ಅವನನ್ನ ಸೇನಾಪತಿ ಪಕ್ಕದಲ್ಲೇ ನಿಲ್ಲಿಸ್ತಿದ್ರಿ ಯಾವಾಗಲೂ. ಫಿರಂಗಿಗೆ ಸಿಗದ ಹಾಗೆ, ಹಿಂದೆ. ಒಂದು ದಿನವೂ ಸಾಯೋಕೆ ಬಿಡಲಿಲ್ಲ ಅವನನ್ನ.

ಅರೆ, ಅರೆ! ಸ್ಟೂಲು ಯಾಕೆ ಎಳೀತೀರಿ? ಹತ್ತಬಾರದು, ಬಗ್ಗಬಾರದು, ಭಾರ ಎತ್ತಬಾರದು ಅಂತ ಹೇಳಿ ಕಳ್ಸಿದ್ದಾರೆ! ಇರಿ... ಇರಿ ಅಂದೆ! ನಾನೇ ಇಳಿಸ್ತೀನಿ. ಏನು ಹಟ ಸ್ವಾಮಿ ಈ ವಯಸ್ಸಲ್ಲಿ. ...ತಗೊಳ್ಳಿ. ನಿಮ್ಮ ಪ್ಲೈವುಡ್ ಪೆಟ್ಟಿಗೆ. ಕೋಟಿನ ಲೈನಿಂಗ್ ಬಟ್ಟೆ ಹಾಕಿ ಹೊಲಿದ, ಒಂದರ ಕೆಳಗೊಂದು ಮೂರು ಅರೆಯ ಅರಮನೆ. ನನ್ನ ಸಿಪಾಯಿಗಳು ಬರೀ ಗಾಜಿನ ಬೀರೂಲಿ ನಿಂತಿವೆ, ನಿಮ್ಮವಕ್ಕೆ ರೇಷ್ಮೆ ಹಾಸಿಗೆ! ಬಿಚ್ಚೋ ಮೊದಲು ಒಂದು ಮಾತು ಕೇಳಿ...

ಬಿಚ್ಚಿಬಿಟ್ರಾ.

...

ಏನಾಯ್ತು? ಕನ್ನಡಕ ಯಾಕೆ ತೆಗೆದ್ರಿ? ಕಣ್ಣು ಉಜ್ಜಬೇಡಿ! ಉಜ್ಜಬೇಡಿ ಭಾವ, ಹೊಲಿಗೆ ಗಿಲಿಗೆ ಇರುತ್ತೆ! ಎಲ್ಲಾ ಬೆಳ್ಳಗೆ ಕಾಣ್ತಿದೆ ಅಲ್ವಾ? ಬೂದು ಎರಚಿದ ಹಾಗೆ? ಗೊತ್ತಿತ್ತು ನನಗೆ. ...ನೀವು ಹೇಳೋ ಮೊದಲೇ ಹೇಗೆ ಗೊತ್ತಾಯ್ತು ಅಂದ್ರೆ, ಅನುಭವ ಭಾವ, ಅನುಭವ! ಆಪರೇಷನ್ ಆದವರಿಗೆ ಹಾಗೇ. ಮೊದಲು ಎಲ್ಲಾ ಮಂಜು ಮಂಜು. ಡಾಕ್ಟ್ರಮ್ಮನೇ ಹೇಳಿರ್ಬೇಕಲ್ಲ? ಕೆಲವರಿಗೆ ವಾರ, ಕೆಲವರಿಗೆ ತಿಂಗಳು. ಇನ್ನು ಕೆಲವರಿಗೆ... ಹೇಳಬಾರದು, ಆದ್ರೆ ಕೆಲವರಿಗೆ ಆ ಮಂಜು ಹೋಗೋದೇ ಇಲ್ಲ. ನನ್ನ ಅಂಗಡಿಗೆ ಬರ್ತಾರಲ್ಲ ಅಂಥವರು, ನೋಡಿದ್ದೀನಿ. ಆಪರೇಷನ್ನೇ ಕೆಟ್ಟುಹೋಗಿರುತ್ತೆ...

ಯಾಕೆ, ಮುಖ ಯಾಕೆ ಹಾಗಾಯ್ತು? ಭಾವ? ಕೂತ್ಕೊಳ್ಳಿ. ಅಯ್ಯೋ, ನಿಮ್ಮದು ಕೆಟ್ಟಿದೆ ಅಂದ್ನಾ ನಾನು? ಮಾತಿಗೆ ಹೇಳಿದೆ. ನೀರು ಕುಡೀರಿ. ಪೆಟ್ಟಿಗೆ ಮುಚ್ಚಿಡೋಣ. ಮುಂದಿನ ತಿಂಗಳು ಬನ್ನಿ, ಆಗ ನೋಡೋಣ... ಏನು ನೋಡ್ತಿದ್ದೀರಿ ಗೋಡೆ ಕಡೆ? ಅದು ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ. ಇಷ್ಟು ದೂರದಿಂದ ಯಾರಿಗೂ ಕಾಣಲ್ಲ ಅದು. ಬೆರಳು ಮಡಿಚಿ ಏನು ಎಣಿಸ್ತಿದ್ದೀರಿ? ...ಕೊನೇ ಸಾಲಾ? ಕೊನೇ ಸಾಲಿನ ಅಕ್ಷರಗಳನ್ನ ಎಣಿಸ್ತಿದ್ದೀರಾ?

ಅದು... ದೂರದ್ದು ಕಾಣುತ್ತೆ, ಹತ್ತಿರದ್ದು ಮಂಜು. ಹಾಗೂ ಇರುತ್ತೆ ಕೆಲವರಿಗೆ.

ನನ್ನ ಬೀರು ಯಾಕೆ ತೆಗೀತೀರಿ? ಅದು ನನ್ನದು ಭಾವ! ಒಬ್ಬರ ಸಿಪಾಯಿನ ಇನ್ನೊಬ್ಬರು ಕೇಳದೆ ಮುಟ್ಟಬಾರದು, ನೀವೇ ಎಲ್ಲರಿಗೂ ಹೇಳ್ತಿದ್ದ ಮಾತು. ಇಡಿ ಅಲ್ಲಿ. ಯಾಕೆ ನಿಮ್ಮದರ ಪಕ್ಕ ಇಟ್ರಿ? ಸ್ವಿಚ್ಚು ಬೇಡ, ಚೋಕ್ ಹೋಗಿದೆ ಅಂದ್ನಲ್ಲ... ಹತ್ತಿಕೊಳ್ತಾ. ಹ್ಞೂಂ. ಒಂದೊಂದು ಸಲ ಹತ್ತುತ್ತೆ.

ಕೆಂಪು ಕೆಂಪಾಗೇ ಇದೆ. ಹೌದು. ಎಂಟು ಗುಂಡಿಯೂ ಕಾಣ್ತಿವೆ ನಿಮಗೆ. ಗೊತ್ತಾಯ್ತು, ಬೆರಳಿಟ್ಟು ತೋರಿಸ್ಬೇಡಿ.

ಸರಿ! ವಾರ್ನಿಷ್! ಸಾಕಾ? ವಾರ್ನಿಷ್ ಹೊಡೆದೆ ನಾನು. ಏನು ಮಹಾ ಅಪರಾಧ? ನಿಮ್ಮ ಸಿಪಾಯಿಗಳು ಬರೀ ಮೈಯಲ್ಲಿದ್ವು, ಬಂದೂಕಿನ ತುದಿಯಲ್ಲೆಲ್ಲ ಬಣ್ಣ ಸವೀತಿತ್ತು. 'ಒಣ ಹವೆ ಬರಲಿ, ಹೊಡೆಯೋಣ' ಅಂತ ನೀವು ವರ್ಷ ಕಳೆದ್ರಿ. ಕಣ್ಣು ಬಿಟ್ಟು ಬಂದಾಗ ಥಳಥಳ ಅನ್ನಲಿ, ಭಾವನಿಗೆ ಖುಷಿಯಾಗಲಿ ಅಂತ... ಈ ವಾರ ಪೂರ್ತಿ ಹಾಳು ಹವೆ. ಕಿಟಕಿ ಹಾಕಿದ್ದೆ, ತೇವ ಒಳಗೆ ಬಂದಿಲ್ಲ ಅಂದ್ಕೊಂಡೆ. ಮತ್ತೆ ಆ ಡಬ್ಬಿ ಮಾಡೋರೋ, ಕಳ್ಳರು, ಏನು ತುಂಬಿರ್ತಾರೋ ಒಳಗೆ! ಯಾರ ಕೈಯಲ್ಲಾದ್ರೂ ಆಗುತ್ತೆ. ಎಡವದ ಕಾಲಿಲ್ಲ. ಅಷ್ಟೇ ಆಗಿದ್ದು.

...ನಗ್ತಿದ್ದೀರಾ?

ನಿಮ್ಮ ದಂಡು ಸುಣ್ಣ ಹೊಡೆಸ್ಕೊಂಡು ಬಿದ್ದಿದೆ, ನೀವು ನಗ್ತಿದ್ದೀರಿ! ಕಣ್ಣಲ್ಲಿ ನೀರು ಬೇರೆ. ಏನು ಮನುಷ್ಯರು ನೀವು... ಓ. ಕಣ್ಣಿಗೇನೂ ಆಗಿಲ್ಲ ಅಂತ. ಕಣ್ಣು ಸರಿಯಾಗಿದೆ ಅಂತ ನಗ್ತಿದ್ದೀರಾ. ಹೌದು ಭಾವ, ಸರಿಯಾಗಿದೆ. ಚೆನ್ನಾಗೇ ಮಾಡಿದ್ದಾರೆ ಆಪರೇಷನ್. ನಾನು ಸುಮ್ನೆ... ಹಾಗಂದೆ. ಬಾಯಿಗೆ ಬಂತು, ಅಂದೆ.

ಏನು ಹುಡುಕ್ತಿದ್ದೀರಿ? ಹತ್ತಿಯಾ? ಇದೆ, ಕನ್ನಡಕ ಒರೆಸೋ ಹತ್ತಿ ಬೇಕಾದಷ್ಟಿದೆ. ಎಣ್ಣೆ ಅಡುಗೆಮನೇಲಿ. ಈಗಲೇನಾ? ನಮ್ಮ ಭಾವ ಅಂದ್ರೆ ಭಾವ! ಕೂತು ಇಬ್ಬರೂ ಒರೆಸೋಣ, ಒಂದು ಸಾಲು ತಾನೇ, ಸಂಜೆಯೊಳಗೆ ಅರ್ಧ ಬಣ್ಣ ತಿರುಗಿ ಬರುತ್ತೆ. ಮಿಕ್ಕಿದ್ದನ್ನ ನಾನು ತಿದ್ದಿಕೊಡ್ತೀನಿ, ಸರಿಯಾದ ನೀಲಿ ಹಾಕಿ. ಹಾಗೆ ನೋಡಿದ್ರೆ ಒಳ್ಳೇದೇ ಆಯ್ತು! ಆ ಹಲ್ಲಿನ ಡಾಕ್ಟ್ರಿಗೆ ಹೇಳಬೇಡಿ ಮಾತ್ರ. ಗುಂಡಿ ಮೇಷ್ಟ್ರಿಗಂತೂ ಸುತಾರಾಂ ಬೇಡ. ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಅಂತ ಊರೆಲ್ಲ ಹಾಡ್ಕೊಂಡು...

ಭಾವ, ಕೆಳಗಿನ ಅರೆ ತೆಗೀಬೇಡಿ.

ಮೇಲಿನ ಅರೆ ಮುಗಿಸೋಣ ಮೊದಲು. ಕುದುರೆಗಳು ನಾಳೆ... ತೆಗೆದ್ರಾ. ಹ್ಞೂಂ, ಅವೂ ಬೆಳ್ಳಗಾಗಿವೆ. ಒಟ್ಟಿಗೇ ಹೊಡೆದೆ ಭಾವ. ಮೂರೂ ಅರೆ ಸಾಲಾಗಿ ಇಟ್ಟು, ಒಂದೇ ಉಸಿರಿಗೆ. ಮೊದಲನೇದು ಬಿಳುಚಿಕೊಂಡದ್ದು ನೋಡೋದರೊಳಗೆ ಮೂರೂ ಆಗಿಹೋಗಿತ್ತು. ಹೀಗೆ... ಹೀಗೆ ಕೈ ಬೀಸ್ಕೊಂಡು ಹೋದೆ. ಗೊತ್ತೇ ಆಗಲಿಲ್ಲ.

ಅದು ಬೇಡ. ಕಡೇ ಅರೆ ಬೇಡ. ಅದರಲ್ಲೇನಿದೆ, ಎರಡು ಫಿರಂಗಿ, ಸೇನಾಪತಿ, ಡೋಲಿನವನು... ನೋಡೋ ಅಂಥದ್ದೇನಿದೆ? ಬಿಡಿ ಕೈ. ಭಾವ, ನಾನು ಕೇಳ್ಕೊಳ್ತಿದ್ದೀನಿ. ಎಣ್ಣೆ ತರ್ತೀನಿ ಇರಿ, ಅಕ್ಕ ಬರೋ ಹೊತ್ತಾಯ್ತು...

...

ಹೌದು.

ಅದೊಂದು ನೀಲಿಯಾಗೇ ಇದೆ.

ಆ ಕನ್ನಡಕದವನಿಗೆ ತಾಗಲಿಲ್ಲ. ಮೂಲೇಲಿದ್ದ, ಹಾಗಾಗಿ ತಪ್ಪಿಸ್ಕೊಂಡ. ...ಸೇನಾಪತಿ ಪಕ್ಕದಲ್ಲೇ ಇದ್ದ, ಗೊತ್ತು. ಸೇನಾಪತಿ ಬಿಳಿ, ಇವನು ನೀಲಿ, ಗೊತ್ತು ಭಾವ, ನನಗೂ ಕಣ್ಣಿದೆ! ಅವನಿದ್ದ ಜಾಗದ ಬಟ್ಟೆಯೂ ಬೆಳ್ಳಗಿದೆ, ಹೊಡೆಯೋವಾಗ ಅವನು ಅಲ್ಲಿರಲಿಲ್ಲ, ಸರಿ... ಅವನನ್ನ ತೆಗೆದಿಟ್ಟಿದ್ದೆ ಅಷ್ಟೇ. ನೋಡ್ಬೇಕು ಅಂತ. ಆ ತಂತಿ ಹೇಗೆ ಬಗ್ಗಿಸಿದ್ರಿ ಅಂತ ನೋಡೋಕೆ ತೆಗೆದಿಟ್ಟಿದ್ದೆ, ಆಮೇಲೆ ಇಟ್ಟೆ. ಯಾವಾಗ ತೆಗೆದೆ ಅಂದ್ರೆ... ಡಬ್ಬಿ ಹಿಡಿಯೋ ಮೊದಲು. ಮೊದಲು ತೆಗೆದು ಜೇಬಲ್ಲಿ ಹಾಕ್ಕೊಂಡೆ. ಆಮೇಲೆ...

ಹಾಳಾಗುತ್ತೆ ಅಂತ ಗೊತ್ತಿಲ್ಲದೆ ಇದ್ರೆ ಇವನನ್ನ ಯಾಕೆ ಎತ್ತಿಟ್ಟೆ, ಅಂತ ತಾನೇ? ಕೇಳಿ ಮತ್ತೆ! ಬಾಯಿ ಬಿಟ್ಟು ಕೇಳಿ! ಕೂಗಾಡಿ, ಆ ಟೀ ಲೋಟ ಎತ್ತಿ ಹೊಡೀರಿ, 'ಮಂಜಿನ ಸೇನಾಪತಿ' ಅನ್ನಿ. ಅವನಿಗೆ ಗೊತ್ತಿರಲಿಲ್ಲ, ಪಾಪ, ಆ ಬ್ಯಾಂಕಿನವನಿಗೆ. ದಡ್ಡ ಅವನು. ನಾನು ದಡ್ಡ ಅಲ್ಲ ಭಾವ. ಈ ಊರಲ್ಲಿ ಇದು ನನ್ನಷ್ಟು ಗೊತ್ತಿರೋನು ಇನ್ನೊಬ್ಬನಿಲ್ಲ...

ಹತ್ತಿ ಯಾಕೆ ಕೆಳಗಿಟ್ರಿ? ಯಾಕೆ ಅವನನ್ನ ನನ್ನ ಮುಖದ ಪಕ್ಕ ಹಿಡಿದು ನೋಡ್ತಿದ್ದೀರಿ? ಹಾಗೆ ನೋಡಬೇಡಿ. ಕಪ್ಪು ಕನ್ನಡಕ ಹಾಕ್ಕೊಳ್ಳಿ ಭಾವ, ಬೆಳಕು ಜಾಸ್ತಿ ಇದೆ...

ಅಷ್ಟು ಚೆನ್ನಾಗಿ ಕಾಣ್ತಿದೆಯಾ?